ಪಡಸಾಲೆಗೊಂದು ಟವರ್ ಸ್ಪೀಕರ್: ಲೆಕ್ಕದಿಂದ ಹಲಗೆಯವರೆಗೆ

ಸ್ಪೀಕರಿನ ಶಂಕು ಮುಂದಕ್ಕೆ ನೂಕಿದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ. ಅದೇ ಕ್ಷಣದಲ್ಲಿ ಬೆನ್ನ ಹಿಂದಿನ ಗಾಳಿ ತೆಳುವಾಗುತ್ತದೆ. ಪೆಟ್ಟಿಗೆಯಿಲ್ಲದ ಬರಿಯ ಸ್ಪೀಕರಿನಲ್ಲಿ ಮುಂದಿನ ಒತ್ತಡ ಅಂಚನ್ನು ಸುತ್ತಿಕೊಂಡು ಹಿಂದಕ್ಕೆ ಹೋಗಿ ಅಲ್ಲಿಯ ಕೊರತೆಯನ್ನು ತುಂಬಿಬಿಡುತ್ತದೆ. ತಾರ ಸ್ವರಗಳಿಗೆ ಇದರಿಂದ ಹೆಚ್ಚು ನಷ್ಟವಿಲ್ಲ, ಅವುಗಳ ಅಲೆ ಕೆಲವೇ ಸೆಂಟಿಮೀಟರ್ ಉದ್ದದ್ದು. 70 ಹರ್ಟ್ಸ್‌ನ ಮಂದ್ರದ ಅಲೆಯಾದರೋ ಸುಮಾರು 5 ಮೀಟರ್ ಉದ್ದವಿರುತ್ತದೆ. ಆರೂವರೆ ಇಂಚಿನ ಸ್ಪೀಕರಿನ ಅಂಚು ಅದಕ್ಕೆ ಅಡ್ಡಿಯೇ ಅಲ್ಲ. ಹಾಗಾಗಿ ಮಂದ್ರ ಹುಟ್ಟಿದಲ್ಲೇ ಅಳಿಯುತ್ತದೆ. ಮುಂದಿನ ಗಾಳಿಯನ್ನೂ ಹಿಂದಿನ ಗಾಳಿಯನ್ನೂ ಬೇರೆ ಬೇರೆ ಇಡುವುದೇ ಪೆಟ್ಟಿಗೆಯ ಮೊದಲ ಕೆಲಸ.

ಈ ಸತ್ಯ ಹಳ್ಳಿಗಳಿಗೆ ಪುಸ್ತಕದ ನೆರವಿಲ್ಲದೆಯೇ ಗೊತ್ತಾಗಿದೆ. ಕಾರಿನಿಂದ ಬಿಚ್ಚಿದ ಹಳೆಯ ಸ್ಪೀಕರನ್ನು ಮಣ್ಣಿನ ಗಡಿಗೆಯ ಬಾಯಿಗೆ ಕೂರಿಸಿ ನುಡಿಸುವುದು ಉತ್ತರ ಕರ್ನಾಟಕದಲ್ಲಿ ಅಪರೂಪವಲ್ಲ. ಗಡಿಗೆಯ ಗೋಡೆ ಬಾಗಿರುವುದರಿಂದ ಅದು ಹಲಗೆಯಂತೆ ಅದುರುವುದಿಲ್ಲ. ಅದರ ಕೊರತೆ ಬೇರೆ ಕಡೆ ಇದೆ: ಗಾತ್ರ ಕುಂಬಾರನ ಕೈಗೆ ಬಂದಷ್ಟು, ಸ್ಪೀಕರಿಗೆ ಬೇಕಾದಷ್ಟಲ್ಲ. ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯಂಥ ಊರಿನ ಮನೆಯ ಪಡಸಾಲೆಗೆ, ಅಲ್ಲಿನ ಹವೆ, ಅಲ್ಲಿ ಸಿಗುವ ಸಾಮಾನು, ಅಲ್ಲಿ ಜನ ಕೂರುವ ರೀತಿ ಇವಿಷ್ಟನ್ನೂ ಲೆಕ್ಕಕ್ಕೆ ಹಿಡಿದು ಒಂದು ಜೊತೆ ಟವರ್ ಸ್ಪೀಕರ್ ಮಾಡುವ ಕ್ರಮ ಇಲ್ಲಿದೆ.

ಎಷ್ಟು ಕೆಳಗೆ ಇಳಿಯಬೇಕು?

ವಿನ್ಯಾಸದ ಮೊದಲ ಪ್ರಶ್ನೆ ಇದು. ಟ್ರ್ಯಾಕ್ಟರಿನ ಮೇಲೆ ಕಟ್ಟುವ ಡೆಕ್ಕಿಗೂ ಮನೆಯ ಸ್ಪೀಕರಿಗೂ ಇಲ್ಲಿಯೇ ದಾರಿ ಬೇರೆಯಾಗುತ್ತದೆ. ಡೆಕ್ಕು ಬಯಲಿನಲ್ಲಿ ದೂರಕ್ಕೆ ಕೇಳಿಸಬೇಕು. 80ರಿಂದ 120 ಹರ್ಟ್ಸ್ ನಡುವೆ ಗುದ್ದುವ ಶಬ್ದ ಬಂದರೆ ಅದರ ಕೆಲಸ ಆಯಿತು. ಮನೆಯ ಸ್ಪೀಕರಿನ ಪರೀಕ್ಷೆ ತಂಬೂರಿ. ಗಾಯಕರು ಕರಿ ಒಂದರಲ್ಲಿ ಷಡ್ಜ ಇಟ್ಟುಕೊಂಡರೆ ಆ ಸ್ವರ ಸುಮಾರು 139 ಹರ್ಟ್ಸ್, ತಂಬೂರಿಯ ಖರಜದ ತಂತಿ ಅದರ ಅರ್ಧ, ಅಂದರೆ 69 ಹರ್ಟ್ಸ್. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯಪರಂಪರೆಯನ್ನು ಕೇಳುತ್ತ ಬಂದ ಸೀಮೆಯಲ್ಲಿ ಖರಜವೇ ಮಾಯವಾಗುವ ಸ್ಪೀಕರಿಗೆ ಅರ್ಥವಿಲ್ಲ. ಖರಜ ಪೂರ್ತಿ ಬರಬೇಕಾದರೆ ಸ್ಪೀಕರಿನ ಇಳಿಜಾರು ಅದಕ್ಕಿಂತ ಸಾಕಷ್ಟು ಕೆಳಗೆ, 45 ಹರ್ಟ್ಸ್ ಆಸುಪಾಸಿನಲ್ಲಿ ಶುರುವಾಗಬೇಕು. 30 ಹರ್ಟ್ಸ್‌ಗೆ ಇಳಿಸುವ ಹಟ ಬೇಡ; ಗಾತ್ರವೂ ಖರ್ಚೂ ಏರುತ್ತವೆ, ಹಿಂದೂಸ್ತಾನಿ ಗಾಯನವಿರಲಿ ಶರೀಫರ ತತ್ವಪದವಿರಲಿ ಅಷ್ಟು ಕೆಳಗೆ ಕೇಳಬೇಕಾದದ್ದು ಹೆಚ್ಚೇನೂ ಇಲ್ಲ.

ಡ್ರೈವರ್ ಮೊದಲು, ಹಲಗೆ ಆಮೇಲೆ

ಡ್ರೈವರ್ ಎಂದರೆ ಪೆಟ್ಟಿಗೆಗೆ ಕೂರಿಸುವ ಬರಿಯ ಸ್ಪೀಕರ್; ಆಯ್ಕೆ ಅದರಿಂದಲೇ ಶುರುವಾಗಬೇಕು. ಸಾಮಾನ್ಯವಾಗಿ ನಡೆಯುವುದು ಉಲ್ಟಾ. ಅಂದವಾದ ಪೆಟ್ಟಿಗೆಯ ಚಿತ್ರ ಒಂದು ಸಿಗುತ್ತದೆ, ಬಡಿಗೇರರು ಅದನ್ನು ಹಾಗೆಯೇ ಮಾಡಿಕೊಡುತ್ತಾರೆ, ಆಮೇಲೆ ಅದರ ತೂತಿಗೆ ಹೊಂದುವ ವೂಫರಿನ, ಅಂದರೆ ಮಂದ್ರ ನುಡಿಸುವ ಡ್ರೈವರಿನ, ಹುಡುಕಾಟ. ಇಂಥ ಪೆಟ್ಟಿಗೆಯಿಂದ ಬರುವ ಮಂದ್ರ ಅದೃಷ್ಟದ್ದು.

ಪೆಟ್ಟಿಗೆಯ ಗಾತ್ರವನ್ನು ವೂಫರಿನ ಗುಣಗಳೇ ನಿರ್ಧರಿಸುತ್ತವೆ ಎಂಬುದನ್ನು ಲೆಕ್ಕದ ಮೂಲಕ ತೋರಿಸಿದವರು ಆಸ್ಟ್ರೇಲಿಯದ ನೆವಿಲ್ ಥೀಲ್. ಅವರ ಪ್ರಬಂಧ 1961ರದು. ಅಲ್ಲಿಯೇ ಸಂಶೋಧನೆ ನಡೆಸಿದ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಅದನ್ನು ವಿಸ್ತರಿಸಿದರು. ಹಾಗಾಗಿ ಈ ಅಂಕಿಗಳಿಗೆ ಥೀಲ್–ಸ್ಮಾಲ್ ಅಂಕಿಗಳೆಂದೇ ಹೆಸರು. ಮುಖ್ಯವಾದವು ಮೂರು. ಎಫ್‌ಎಸ್ ಎಂದರೆ ಬರಿಯ ವೂಫರ್ ತಾನಾಗಿ ತೂಗುವ ಕಂಪನಾಂಕ. ವಿಎಎಸ್ ಎಂದರೆ ವೂಫರಿನ ಅಂಚುಪಟ್ಟಿ ಮತ್ತು ಒಳತೂಗಿನಷ್ಟೇ ಬಿಗುವು ಕೊಡುವ ಗಾಳಿಯ ಗಾತ್ರ, ಲೀಟರಿನಲ್ಲಿ. ಕ್ಯೂಟಿಎಸ್ ಎಂದರೆ ಶಂಕುವಿಗೆ ಇರುವ ಕಡಿವಾಣದ ಅಳತೆ. ಅಯಸ್ಕಾಂತ ಬಲವಾಗಿದ್ದಷ್ಟೂ ಈ ಅಂಕಿ ಕಡಿಮೆ. ಈ ಮೂರನ್ನು ಕೊಡದ ಡ್ರೈವರನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ಬಿಡುವುದು ಲೇಸು. ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆಯಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಅಂಗಡಿಯವರು ಹೇಳುವ ವ್ಯಾಟಿನ ಲೆಕ್ಕದಿಂದ ಪೆಟ್ಟಿಗೆಯ ಲೀಟರ್ ಸಿಗುವುದಿಲ್ಲ. ಅಂಕಿ ಗೊತ್ತಿಲ್ಲದ ಹಳೆಯ ಡ್ರೈವರ್ ಕೈಯಲ್ಲಿದ್ದರೆ ಒಂದು ರೆಸಿಸ್ಟರ್, ಕಂಪ್ಯೂಟರಿನ ಸೌಂಡ್ ಕಾರ್ಡ್ ಮತ್ತು ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶದಿಂದ ಅಳೆದುಕೊಳ್ಳಬಹುದು.

ಕಾರಿನ ಬಾಗಿಲಿಗೆಂದು ಮಾಡಿದ ಸ್ಪೀಕರುಗಳ ಕ್ಯೂಟಿಎಸ್ ಹಲವು ಸಲ 0.6ಕ್ಕಿಂತ ಹೆಚ್ಚು. ಅಂಥವನ್ನು ಪೈಪಿನ ಪೆಟ್ಟಿಗೆಯಲ್ಲಿ, ಅಂದರೆ ಗಾಳಿಯಾಡಲು ಪೈಪು ಕೂರಿಸಿದ ಪೆಟ್ಟಿಗೆಯಲ್ಲಿ, ಇಟ್ಟರೆ ಒಂದೇ ಸ್ವರ ಗುಂಯ್‌ಗುಡುತ್ತದೆ. ಪೈಪಿನ ಪೆಟ್ಟಿಗೆಗೆ 0.3ರಿಂದ 0.4ರ ಒಳಗಿನದು ಒಳ್ಳೆಯದು.

ಮುಚ್ಚಿದ್ದೋ, ಪೈಪಿನದ್ದೋ

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ನಡೆಯೋಣ. ಆರೂವರೆ ಇಂಚಿನ, 8 ಓಮ್‌ನ ಒಂದು ವೂಫರ್: ಎಫ್‌ಎಸ್ 42 ಹರ್ಟ್ಸ್, ಕ್ಯೂಟಿಎಸ್ 0.38, ವಿಎಎಸ್ 28 ಲೀಟರ್.

ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಸಮತಟ್ಟಾದ ಧ್ವನಿಗೆ ಒಟ್ಟು ಕ್ಯೂ 0.707 ಆಗಬೇಕು. 0.707ನ್ನು 0.38ರಿಂದ ಭಾಗಿಸಿದರೆ 1.86. ಇದರ ವರ್ಗದಿಂದ ಒಂದನ್ನು ಕಳೆದರೆ 2.46. ವಿಎಎಸ್ಸನ್ನು ಇದರಿಂದ ಭಾಗಿಸಿದಾಗ ಬರುವುದು 11.4 ಲೀಟರ್. ಪೆಟ್ಟಿಗೆ ಪುಟ್ಟದು, ಮಾಡುವುದು ಸುಲಭ, ತಪ್ಪನ್ನೂ ಸಹಿಸಿಕೊಳ್ಳುತ್ತದೆ. ಆದರೆ 42ನ್ನು 1.86ರಿಂದ ಗುಣಿಸಿದಾಗ ಬರುವ 78 ಹರ್ಟ್ಸ್‌ನಲ್ಲೇ ಧ್ವನಿ 3 ಡೆಸಿಬೆಲ್ ಬಿದ್ದಿರುತ್ತದೆ. ಖರಜದ 69 ಅದಕ್ಕೂ ಕೆಳಗೆ.

ಪೈಪಿನ ಪೆಟ್ಟಿಗೆ, ಅಂದರೆ ಬಾಸ್ ರಿಫ್ಲೆಕ್ಸ್, ಬೆನ್ನ ಹಿಂದಿನ ಗಾಳಿಯನ್ನೂ ದುಡಿಸಿಕೊಳ್ಳುತ್ತದೆ. ಬೆಲ್ ಪ್ರಯೋಗಾಲಯದ ಆಲ್ಬರ್ಟ್ ತುರಾಸ್ ಇದಕ್ಕೆ 1932ರಲ್ಲಿ ಪೇಟೆಂಟ್ ಪಡೆದರು. ಪೈಪಿನೊಳಗಿನ ಗಾಳಿ ಒಂದು ಗುಂಡಿನಂತೆ, ಪೆಟ್ಟಿಗೆಯ ಗಾಳಿ ಅದರ ಹಿಂದಿನ ಸ್ಪ್ರಿಂಗಿನಂತೆ ವರ್ತಿಸಿ, ಒಂದು ನಿಶ್ಚಿತ ಕಂಪನಾಂಕದಲ್ಲಿ ಶಂಕುವಿನ ಬದಲು ಪೈಪೇ ನುಡಿಯುತ್ತದೆ. ಲೆಕ್ಕಕ್ಕೆ ಬಳಕೆಯಲ್ಲಿರುವ ಸರಳ ಸೂತ್ರಗಳಿವೆ. ಕ್ಯೂಟಿಎಸ್ಸಿನ 2.87ನೇ ಘಾತವನ್ನು 15ರಿಂದಲೂ ವಿಎಎಸ್ಸಿನಿಂದಲೂ ಗುಣಿಸಿದರೆ ಗಾತ್ರ: ಇಲ್ಲಿ 26 ಲೀಟರ್. ಎಫ್‌ಎಸ್ಸನ್ನು 0.42ರಿಂದ ಗುಣಿಸಿ ಕ್ಯೂಟಿಎಸ್ಸಿನ 0.9ನೇ ಘಾತದಿಂದ ಭಾಗಿಸಿದರೆ ಪೈಪಿನ ಶ್ರುತಿ: 42 ಹರ್ಟ್ಸ್. 3 ಡೆಸಿಬೆಲ್ ಬೀಳುವುದೂ 42ರ ಹತ್ತಿರವೇ. ಮೊಬೈಲಿನ ವೈಜ್ಞಾನಿಕ ಕ್ಯಾಲ್ಕುಲೇಟರ್ ಸಾಕು. ವಿನ್‌ಐಎಸ್‌ಡಿ ತಂತ್ರಾಂಶವಿದ್ದರೆ ವಕ್ರರೇಖೆಯನ್ನೂ ನೋಡಬಹುದು.

ಲಾಭಕ್ಕೆ ಬೆಲೆಯೂ ಇದೆ. ಮುಚ್ಚಿದ ಪೆಟ್ಟಿಗೆ ತನ್ನ ಮಿತಿಯ ಕೆಳಗೆ ಸಪ್ತಕಕ್ಕೆ 12 ಡೆಸಿಬೆಲ್ ಇಳಿದರೆ ಪೈಪಿನದ್ದು 24 ಇಳಿಯುತ್ತದೆ. ಶ್ರುತಿಯ ಕೆಳಗೆ ಶಂಕುವಿಗೆ ಗಾಳಿಯ ಆಸರೆಯೇ ಇರುವುದಿಲ್ಲ, ಜೋರಾಗಿ ನುಡಿಸಿದರೆ ಅದು ಹೊರಕ್ಕೆ ಹಾರಿ ಬಡಿಯುತ್ತದೆ. ಖರಜದ ಸಲುವಾಗಿ ಇಲ್ಲಿ ಪೈಪಿನ ಪೆಟ್ಟಿಗೆಯನ್ನೇ ಆರಿಸಿದೆ.

ಪೈಪಿಗೆ ದೂರ ಹೋಗಬೇಕಿಲ್ಲ. ಹೊಲಕ್ಕೆ ನೀರು ಹಾಯಿಸುವ 63 ಮಿ.ಮೀ. ಪಿವಿಸಿ ಪೈಪಿನ ತುಂಡು ಸಾಕು. ಈ ಪೈಪುಗಳನ್ನು ಹೊರವ್ಯಾಸದಿಂದ ಹೆಸರಿಸುತ್ತಾರೆ, ಆದ್ದರಿಂದ ಒಳವ್ಯಾಸವನ್ನು ಅಳೆದೇ ತಿಳಿಯಬೇಕು; ತೆಳುಗೋಡೆಯದಾದರೆ ಸುಮಾರು 6 ಸೆಂ.ಮೀ. ಇರುತ್ತದೆ. ಉದ್ದದ ಸೂತ್ರ ಹೀಗಿದೆ: ಒಳವ್ಯಾಸದ ವರ್ಗವನ್ನು 23,562ರಿಂದ ಗುಣಿಸಿ, ಶ್ರುತಿಯ ವರ್ಗ ಮತ್ತು ಲೀಟರಿನ ಗುಣಲಬ್ಧದಿಂದ ಭಾಗಿಸಿ, ಬಂದದ್ದರಿಂದ ಒಳವ್ಯಾಸದ 0.732 ಪಾಲನ್ನು ಕಳೆಯಬೇಕು. 6 ಸೆಂ.ಮೀ., 42 ಹರ್ಟ್ಸ್, 26 ಲೀಟರಿಗೆ ಬರುವುದು 14.1 ಸೆಂ.ಮೀ. ಈ ಉದ್ದದಲ್ಲಿ ಮುಂಭಾಗದ ಹಲಗೆಯ ದಪ್ಪವೂ ಸೇರಿದೆ. ಕತ್ತರಿಸುವಾಗ 16 ಸೆಂ.ಮೀ. ಇಟ್ಟುಕೊಳ್ಳಬೇಕು, ಉಳಿದದ್ದನ್ನು ಶ್ರುತಿ ನೋಡಿ ತೆಗೆಯಬಹುದು.

ಎತ್ತರ: ಕುರ್ಚಿಗೋ, ಜಮಖಾನಕ್ಕೋ

ಟವರ್ ಎತ್ತರವಾಗಿರುವುದು ಗತ್ತಿಗಲ್ಲ. ತಾರ ಸ್ವರ ನುಡಿಸುವ ಟ್ವೀಟರಿನ ಧ್ವನಿ ಕಿರಿದಾದ ಕಿರಣದಂತೆ ಹೊರಡುತ್ತದೆ, ಹಾಗಾಗಿ ಅದು ಕೇಳುವವರ ಕಿವಿಯ ಮಟ್ಟದಲ್ಲಿರಬೇಕು. ಪೇಟೆಯಲ್ಲಿ ಸಿಗುವ ಟವರುಗಳ ಎತ್ತರ ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸು. ಅದು ಸೋಫಾದ ಮೇಲೆ ಕೂತವರ ಕಿವಿಯ ಮಟ್ಟ. ಪಡಸಾಲೆಯಲ್ಲಿ ಜಮಖಾನ ಹಾಸಿ ಚಕ್ಕಳಮಕ್ಕಳ ಹಾಕಿ ಕೂತವರ ಕಿವಿ ನೆಲದಿಂದ 70–75 ಸೆಂ.ಮೀ. ಮಾತ್ರ. ಪೇಟೆಯ ಟವರನ್ನು ಅಂಥ ಮನೆಗೆ ತಂದರೆ ತಾರ ಸ್ವರಗಳು ತಲೆಯ ಮೇಲಿನಿಂದ ಹಾದುಹೋಗುತ್ತವೆ, ಧ್ವನಿ ಮಂಕಾಯಿತೆಂದು ಟ್ರೆಬಲ್ ತಿರುವುತ್ತಾರೆ, ಅದು ಕರ್ಕಶವಾಗುತ್ತದೆ. ಮನೆಯಲ್ಲೇ ಮಾಡಿಕೊಳ್ಳುವುದರಿಂದ ಆಗುವ ದೊಡ್ಡ ಅನುಕೂಲ ಇದೇ ಇರಬೇಕು: ಕೂರುವ ಜಾಗ ನೋಡಿ ಎತ್ತರ ಇಡಬಹುದು.

26 ಲೀಟರಿಗೆ ವೂಫರಿನ ಬೆನ್ನು, ಪೈಪು, ಅಡ್ಡಪಟ್ಟಿ, ಸ್ವರ ಹಂಚುವ ಕ್ರಾಸ್‌ಓವರ್ ಇವು ತಿನ್ನುವ ಸುಮಾರು 3 ಲೀಟರ್ ಸೇರಿಸಿ 29 ಲೀಟರ್. ಒಳ ಅಗಲ 18, ಆಳ 24, ಎತ್ತರ 67 ಸೆಂ.ಮೀ. ಇಟ್ಟರೆ ಸರಿಹೋಗುತ್ತದೆ. ಈ ಅಳತೆಗಳಲ್ಲಿ ಒಂದು ಇನ್ನೊಂದರ ಎರಡರಷ್ಟೋ ಮೂರರಷ್ಟೋ ಆಗದಂತೆ ನೋಡಿಕೊಂಡಿದೆ. ಹಾಗೆ ಎರಡರಷ್ಟೋ ಮೂರರಷ್ಟೋ ಆದರೆ ಒಳಗಿನ ಅನುರಣನಗಳು ಒಂದರ ಮೇಲೊಂದು ಬಿದ್ದು ದನಿಗೆ ಡಬ್ಬದ ಬಣ್ಣ ಬರುತ್ತದೆ. 18 ಮಿ.ಮೀ. ಹಲಗೆಯಲ್ಲಿ ಪೆಟ್ಟಿಗೆಯ ಹೊರ ಎತ್ತರ 70.6 ಸೆಂ.ಮೀ., ಕೆಳಗೆ 8 ಸೆಂ.ಮೀ. ಪೀಠ. ಟ್ವೀಟರಿನ ನಡುಬಿಂದು ಮೇಲ್ತುದಿಯಿಂದ 7 ಸೆಂ.ಮೀ. ಕೆಳಗಿದ್ದರೆ ನೆಲದಿಂದ ಸುಮಾರು 72 ಸೆಂ.ಮೀ. ಆಗುತ್ತದೆ. ನೆಲದಲ್ಲಿ ಕೂತವರಿಗೆ ಇದು ಹೇಳಿ ಮಾಡಿಸಿದ ಮಟ್ಟ.

ಕುರ್ಚಿಯಲ್ಲಿ ಕೂರುವ ಮನೆಯಾದರೆ ಪೀಠದ ಬದಲು 30 ಸೆಂ.ಮೀ. ಎತ್ತರದ, ಮೇಲಿನ ಪೆಟ್ಟಿಗೆಗೆ ಸಂಪರ್ಕವಿಲ್ಲದ ಕೋಣೆಯೊಂದನ್ನು ಕೂಡಿಸಿ ಅದಕ್ಕೆ ಮರಳು ತುಂಬುವುದುಂಟು. ಮರಳು ಪೂರ್ತಿ ಒಣಗಿರಬೇಕು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಯೇ ಇಡಬೇಕು. ಮಕ್ಕಳು ಓಡಾಡುವ ಮನೆಯಲ್ಲಿ ಕಿರಿದಾದ ಟವರ್ ಉರುಳದಂತೆಯೂ ಇದು ಕಾಯುತ್ತದೆ.

67 ಸೆಂ.ಮೀ. ಎತ್ತರದ ಗಾಳಿಯ ಕಂಬ ಸುಮಾರು 257 ಹರ್ಟ್ಸ್‌ನಲ್ಲಿ ತಾನೇ ಅನುರಣಿಸುತ್ತದೆ. ಟವರಿನ ಹುಟ್ಟುಗುಣ ಇದು, ಚೌಕಾಕಾರದ ಪೆಟ್ಟಿಗೆಗೆ ಇಷ್ಟು ಕೆಳಗೆ ಬಾರದ ಕಾಟ. ಅದೂ ಸರಿಯಾಗಿ ಕಂಠದ ವಲಯದಲ್ಲಿ. ಈ ಅನುರಣನದ ಒತ್ತಡ ಮೇಲಿನ ಮತ್ತು ಕೆಳಗಿನ ತುದಿಗಳಲ್ಲಿ ಗರಿಷ್ಠ, ನಟ್ಟನಡುವೆ ಸೊನ್ನೆ. ಪೈಪನ್ನು ಅಂದಕ್ಕಾಗಿ ತೀರ ಕೆಳಗಿಟ್ಟರೆ ಆ ಶಬ್ದ ನೇರವಾಗಿ ಹೊರಗೆ ಬರುತ್ತದೆ. ಎತ್ತರದ ನಡುವಿಗೆ, ವೂಫರಿನ ಕೆಳ ಅಂಚಿಗೆ ಹೊಂದಿಕೊಂಡಂತೆ ಇಟ್ಟರೆ ಬಹುಪಾಲು ಒಳಗೇ ಉಳಿಯುತ್ತದೆ. ವೂಫರಿನ ನಡುಬಿಂದು ಮೇಲ್ತುದಿಯಿಂದ 22 ಸೆಂ.ಮೀ., ಪೈಪಿನದ್ದು 35 ಸೆಂ.ಮೀ. ಎಂದಿಟ್ಟುಕೊಂಡರೆ ಎಲ್ಲಕ್ಕೂ ಜಾಗ ಸಿಗುತ್ತದೆ. ಪೈಪು ಮುಂಭಾಗದಲ್ಲೇ ಇರಲಿ. ಹಳ್ಳಿಮನೆಯ ಪಡಸಾಲೆಯಲ್ಲಿ ಸ್ಪೀಕರನ್ನು ಗೋಡೆಗೆ ಒತ್ತಿ ಇಡುವುದು ತಪ್ಪುವುದಿಲ್ಲ, ಹಿಂಭಾಗದ ಪೈಪಿಗೆ ಅಲ್ಲಿ ಉಸಿರಾಡಲು ತೆರಪಿರುವುದಿಲ್ಲ.

ಹಲಗೆ, ಅಂಟು, ಕೊರೆತ

ಸಾಗವಾನಿಯ ಹಲಗೆ ಕೈಯಲ್ಲಿದ್ದರೂ ಪೆಟ್ಟಿಗೆಗೆ ಬಳಸದಿರುವುದು ಜಾಣತನ. ಗಟ್ಟಿಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಅಗಲವಾದ ಹಲಗೆ ಬಾಯಿಬಿಡುತ್ತದೆ, ಒಮ್ಮೆ ಸಂದು ಬಿಟ್ಟಿತೆಂದರೆ ಶ್ರುತಿ ಹೋಯಿತು. ಪೇಟೆಯ ಕಾರ್ಖಾನೆಗಳು ಎಂಡಿಎಫ್ ಬಳಸುತ್ತವೆ. ಅದು ಒಳಗೆ ಒಂದೇ ಸಮನಾಗಿದ್ದು ಕೊರೆಯಲು ಬೆಣ್ಣೆಯಂತಿದ್ದರೂ, ಹಾನಗಲ್, ಶಿಗ್ಗಾಂವಿ ಕಡೆಯ ಅರೆಮಲೆನಾಡಿನ ಮಳೆಗಾಲದಲ್ಲಿ ಬಣ್ಣ ಕಾಣದ ಅಂಚುಗಳು ತೇವ ಕುಡಿದು ದಪ್ಪಗಾಗುತ್ತವೆ. ಸಗಣಿ ಸಾರಿಸುವ ನೆಲದ ಮೇಲಂತೂ ಬೇಡವೇ ಬೇಡ. 18 ಮಿ.ಮೀ. ಪ್ಲೈವುಡ್ಡೇ ಇಲ್ಲಿಗೆ ಸರಿ. ಐಎಸ್ 303 ಗುರುತಿನದು ಸಾಕು, ನೆಲ ತೇವವಿರುವ ಮನೆಯಾದರೆ ಐಎಸ್ 710 ಗುರುತಿನ ಮರೈನ್ ಪ್ಲೈ ತರಬಹುದು. ಗೊರಲಿಯ ಕಾಟವಿದ್ದಲ್ಲಿ ಪೀಠದ ತಳಕ್ಕೆ ಔಷಧಿ ಹಚ್ಚಿಯೇ ಇಡಬೇಕು. ಕೊಳ್ಳುವಾಗ ಹಾಳೆಯನ್ನು ಒರಗಿಸಿ ನಿಲ್ಲಿಸಿ, ಬೆರಳಗೆಣ್ಣಿನಿಂದ ಗೇಣುಗೇಣಿಗೆ ತಟ್ಟುತ್ತ ಬರಬೇಕು. ಒಳಪದರದಲ್ಲಿ ಪೊಳ್ಳಿದ್ದಲ್ಲಿ ಸದ್ದು ತಟಕ್ಕನೆ ಬದಲಾಗುತ್ತದೆ. ಆ ಪೊಳ್ಳು ಮುಂದೆ ಯಾವುದೋ ಒಂದು ಸ್ವರಕ್ಕೆ ಜುಂಯ್ ಎನ್ನುತ್ತದೆ, ಆಗ ಅದನ್ನು ಹುಡುಕುವುದು ದುಸ್ತರ.

ಎಂಟು ಅಡಿ, ನಾಲ್ಕು ಅಡಿಯ ಒಂದು ಹಾಳೆಯಲ್ಲಿ ಎರಡೂ ಪೆಟ್ಟಿಗೆ ಆಗಿ ಪೀಠಕ್ಕೂ ಉಳಿಯುತ್ತದೆ. ಪ್ರತಿ ಪೆಟ್ಟಿಗೆಗೆ ಮುಂದೆ ಹಿಂದೆ 21.6 × 70.6 ಸೆಂ.ಮೀ.ನ ಎರಡು, ಪಕ್ಕಕ್ಕೆ 24 × 70.6ರ ಎರಡು, ಮೇಲೆ ಕೆಳಗೆ 18 × 24ರ ಎರಡು, ಒಳ ಅಡ್ಡಪಟ್ಟಿಗೆ ಅದೇ ಅಳತೆಯ ಇನ್ನೆರಡು. ಕೊಯ್ಯುವ ಕೆಲಸವನ್ನು ಪ್ಯಾನಲ್ ಸಾ ಇರುವ ಅಂಗಡಿಯಲ್ಲಿ ಮಾಡಿಸುವುದು ಒಳಿತು. ಕೈಗರಗಸದಿಂದಲೂ ಆಗುತ್ತದೆ, ಆದರೆ ಒಂದು ಮಿಲಿಮೀಟರ್ ಓರೆಯಾದರೂ ಸಂದು ಮುಚ್ಚಲು ರಂದಾ ಹೊಡೆಯುತ್ತ ದಿನ ಕಳೆಯಬೇಕಾಗುತ್ತದೆ. ಒಂದೇ ಅಳತೆಯ ತುಂಡುಗಳನ್ನು ಒಂದೇ ಹೊಂದಿಕೆಯಲ್ಲಿ ಕೊಯ್ಸಿಕೊಳ್ಳಬೇಕು. ಅಳತೆ ಒಂದೆರಡು ಮಿ.ಮೀ. ಬದಲಾದರೆ ಚಿಂತೆಯಿಲ್ಲ, ನಾಲ್ಕೂ ಒಂದೇ ರೀತಿ ಬದಲಾಗಿದ್ದರೆ ಸಾಕು.

ಅಡ್ಡಪಟ್ಟಿಗಳ ನಡುವೆ ದೊಡ್ಡ ಕಿಟಕಿ ಕೊರೆದು, ಸುತ್ತ ಮೂರು ನಾಲ್ಕು ಸೆಂ.ಮೀ. ಚೌಕಟ್ಟು ಮಾತ್ರ ಉಳಿಸಿ, ವೂಫರ್ ಮತ್ತು ಪೈಪುಗಳಿಗೆ ತಾಗದಂತೆ ಕೂರಿಸಬೇಕು. ಅವುಗಳ ಅಂತರ ಬೇಕೆಂದೇ ಅಸಮವಾಗಿರಲಿ. ಉದ್ದ ಹಲಗೆಯನ್ನು ಹೀಗೆ ಚಿಕ್ಕ ಚಿಕ್ಕ ಭಾಗ ಮಾಡಿದಾಗ ಅದರ ಅದುರು ಮೇಲಿನ ಕಂಪನಾಂಕಕ್ಕೆ ಏರಿ ಕ್ಷೀಣಿಸುತ್ತದೆ. ದಪ್ಪ ಹಲಗೆಗೆ ಸುರಿಯುವ ಹಣಕ್ಕಿಂತ ಈ ಎರಡು ತುಂಡುಗಳಿಂದ ಆಗುವ ಲಾಭ ಹೆಚ್ಚು.

ಮುಂಭಾಗದಲ್ಲಿ ಡ್ರೈವರಿನ ಚೌಕಟ್ಟು ಹಲಗೆಯ ಮೈಗೆ ಸಮನಾಗಿ ಕೂರಬೇಕು, ಇಲ್ಲವಾದರೆ ಅದರ ಅಂಚಿಗೆ ತಾಗಿ ತಾರ ಸ್ವರ ಚದುರುತ್ತದೆ. ಇದಕ್ಕೆ ರೂಟರ್ ಯಂತ್ರ ಬೇಕೆನ್ನುತ್ತಾರೆ. ಯಂತ್ರವಿಲ್ಲದ ದಾರಿಯೂ ಇದೆ: 6 ಮಿ.ಮೀ. ಪ್ಲೈನಲ್ಲಿ ಚೌಕಟ್ಟಿನ ಪೂರ್ತಿ ವ್ಯಾಸಕ್ಕೆ ದುಂಡು ಕೊರೆದು, ಒಳಗಿನ 18 ಮಿ.ಮೀ. ಹಲಗೆಯಲ್ಲಿ ಬುಟ್ಟಿಯಷ್ಟೇ ಅಗಲದ ಚಿಕ್ಕ ದುಂಡು ಕೊರೆದು, ಎರಡನ್ನೂ ಒಂದರ ಮೇಲೊಂದು ಅಂಟಿಸಿದರೆ ಮೆಟ್ಟಿಲು ತಾನಾಗಿ ಆಗುತ್ತದೆ. ಜಿಗ್ ಸಾ ಸಾಕು. ವೂಫರಿನ ದುಂಡಿನ ಒಳ ಅಂಚನ್ನು ಒರಟು ಅರದಿಂದ ಓರೆಯಾಗಿ ಸವೆಸಬೇಕು. ಹಾಗೆಯೇ ಬಿಟ್ಟರೆ ಶಂಕುವಿನ ಬೆನ್ನಿಗೆ ಕೊಳವೆಯಲ್ಲಿ ಸಿಕ್ಕಿದಂತಾಗುತ್ತದೆ.

ಅಂಟು ಫೆವಿಕಾಲ್. ಒಣ ಜೋಡಣೆ ಮಾಡಿ, ಮೂಲೆಮಟ್ಟ ಹಿಡಿದು ನೋಡಿ, ಕರ್ಣದ ಅಳತೆ ಎರಡೂ ಒಂದೇ ಬಂದಮೇಲೆ ಅಂಟು ಹಚ್ಚಬೇಕು. ಕ್ಲ್ಯಾಂಪ್ ಕಡಿಮೆಯಿದ್ದರೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿದರೂ ನಡೆಯುತ್ತದೆ. ಒಂದು ರಾತ್ರಿ ಕಳೆದ ಮೇಲೆ ಒಳಗಿನ ಎಲ್ಲ ಮೂಲೆಗಳಿಗೂ ಮತ್ತೊಮ್ಮೆ ಅಂಟಿನ ಗೆರೆ ಎಳೆಯಬೇಕು. ಗಾಳಿ ಸೋರದ ಪೆಟ್ಟಿಗೆಗೆ ಇಷ್ಟು ಕಾಳಜಿ ಕಡ್ಡಾಯ. ಮುಂಭಾಗವನ್ನು ಅಂಟಿಸುವ ಮೊದಲೇ ಒಳಗೆ ಹೊದಿಕೆ ಆಗಿರಲಿ.

ಹೊದಿಕೆಗೆ ಹಾವೇರಿ ಜಿಲ್ಲೆಯಲ್ಲಿ ಹತ್ತಿಗೆ ಬರವಿಲ್ಲ. ಗಾದಿ ಮಾಡುವವರಲ್ಲಿ ಹಿಂಜಿದ ಅರಳೆ ಕೇಳಿದರೆ ಸಿಗುತ್ತದೆ, ಧ್ವನಿ ಹೀರುವುದರಲ್ಲಿ ಅದು ಯಾವುದಕ್ಕೂ ಕಡಿಮೆಯಿಲ್ಲ. ತೇವ ಹಿಡಿಯುವುದು, ದಿನ ಕಳೆದಂತೆ ಕೆಳಕ್ಕೆ ಜಗ್ಗುವುದು ಅದರ ದೋಷ. ತೆಳು ಬಟ್ಟೆಯಲ್ಲಿ ಹೊಲಿದು, ಮೊಳೆಯಿಂದ ಗೋಡೆಗೆ ಹೊಡೆದರೆ ನಿಲ್ಲುತ್ತದೆ. ದಿಂಬಿಗೆ ತುಂಬುವ ರೆಕ್ರಾನ್ ಇನ್ನೂ ನಿರಾತಂಕ. ಮೇಲೆ, ಕೆಳಗೆ, ಹಿಂದೆ, ಪಕ್ಕಗಳಲ್ಲಿ ಎರಡು ಮೂರು ಸೆಂ.ಮೀ. ದಪ್ಪ, ವೂಫರಿನ ಕೆಳಗೆ, ಗಾಳಿಯ ಚಲನೆ ಹೆಚ್ಚಿರುವ ನಡುಭಾಗದಲ್ಲಿ ಸಡಿಲವಾದ ಇನ್ನೊಂದು ಮುದ್ದೆ. ಪೈಪಿನ ಒಳಬಾಯಿಯ ಎದುರು ಮಾತ್ರ ಖಾಲಿ ಇರಬೇಕು. ಕಾಳಿನ ಚೀಲ ಇರುವ ಮನೆಯಲ್ಲಿ ಇಲಿಗೆ ಈ ಪೆಟ್ಟಿಗೆ ಅರಮನೆ: ದುಂಡನೆಯ ಬಾಗಿಲು, ಒಳಗೆ ಮೆತ್ತನೆ ಹಾಸಿಗೆ, ಕಡಿಯಲು ವೈರು. ಪೈಪಿನ ಒಳತುದಿಗೆ ಒಂದು ಸೆಂ.ಮೀ. ಕಣ್ಣಿನ ತಂತಿ ಜಾಳಿಗೆ ಕಟ್ಟಿದರೆ ದನಿಗೆ ಧಕ್ಕೆಯಿಲ್ಲ. ಸೊಳ್ಳೆಪರದೆಯಂಥ ಸಣ್ಣ ಕಣ್ಣಿನದು ಗಾಳಿಯನ್ನು ತಡೆಯುತ್ತದೆ.

ಕ್ರಾಸ್‌ಓವರ್

ವೂಫರಿಗೆ ಮಂದ್ರ, ಟ್ವೀಟರಿಗೆ ತಾರ ಎಂದು ಹಂಚಿಕೊಡುವ ಮಂಡಲ ಇದು. ಆರೂವರೆ ಇಂಚಿನ ವೂಫರಿನ ಶಂಕು ನಿಜದಲ್ಲಿ 13 ಸೆಂ.ಮೀ. ಅಗಲ, 2,600 ಹರ್ಟ್ಸ್‌ನ ಅಲೆಯೂ ಅಷ್ಟೇ ಉದ್ದ. ಅದರ ಮೇಲೆ ವೂಫರಿನ ದನಿ ಪಕ್ಕಕ್ಕೆ ಹರಡದೆ ಮುಂದಕ್ಕೆ ಮಾತ್ರ ಹೋಗುತ್ತದೆ. ಆದ್ದರಿಂದ 2,500ರಲ್ಲಿ ಹಂಚಿಕೆ ಮಾಡುವುದು ಯುಕ್ತ. ಟ್ವೀಟರಿನ ಸ್ವಂತ ಅನುರಣನ 1,250ಕ್ಕಿಂತ ಕೆಳಗಿರಬೇಕು.

ಲಿಂಕ್‌ವಿಟ್ಜ್ 1976ರಲ್ಲಿ ಪ್ರಕಟಿಸಿದ, ರೈಲಿಯ ಹೆಸರೂ ಸೇರಿಕೊಂಡ ಮಾದರಿಯ 12 ಡೆಸಿಬೆಲ್ ಇಳಿಜಾರಿಗೆ, 8 ಓಮ್‌ನಲ್ಲಿ, ಸುಮಾರು 1 ಮಿಲಿಹೆನ್ರಿ ಸುರುಳಿ ಮತ್ತು 3.9 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೇಕು. ವೂಫರಿಗೆ ಸುರುಳಿ ಸರಣಿಯಲ್ಲಿ, ಕೆಪಾಸಿಟರ್ ಅಡ್ಡಕ್ಕೆ. ಟ್ವೀಟರಿಗೆ ಕೆಪಾಸಿಟರ್ ಸರಣಿಯಲ್ಲಿ, ಸುರುಳಿ ಅಡ್ಡಕ್ಕೆ. ಟ್ವೀಟರಿನ ತಂತಿಗಳನ್ನು ಅದಲುಬದಲು ಮಾಡಿ ಜೋಡಿಸಬೇಕು, ಇಲ್ಲವಾದರೆ 2,500ರಲ್ಲಿ ಎರಡೂ ಡ್ರೈವರುಗಳು ಒಂದನ್ನೊಂದು ಅಳಿಸುತ್ತವೆ. ಕೆಪಾಸಿಟರ್ ಪಾಲಿಪ್ರೊಪಿಲೀನಿನದಿರಲಿ, ಧನ ಋಣ ಗುರುತಿರುವ ಸಾಮಾನ್ಯ ಎಲೆಕ್ಟ್ರೊಲಿಟಿಕ್ ಇಲ್ಲಿ ಸಲ್ಲದು.

ಸುರುಳಿಗೆ ಪೇಟೆ ಅಲೆಯಬೇಕಿಲ್ಲ. ಪಂಪ್‌ಸೆಟ್ ಇರುವ ಸೀಮೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಲ್ಲದ ಪಟ್ಟಣವಿಲ್ಲ. 3 ಸೆಂ.ಮೀ. ವ್ಯಾಸದ, 2.6 ಸೆಂ.ಮೀ. ಅಗಲದ ಮರದ ಅಥವಾ ಪ್ಲಾಸ್ಟಿಕ್ ರಾಟೆಗೆ 18 ಗೇಜಿನ ಎನಾಮಲ್ ತಾಮ್ರದ ತಂತಿಯನ್ನು ಒತ್ತಾಗಿ ಸುಮಾರು 185 ಸುತ್ತು ಸುತ್ತಿಸಿದರೆ 1 ಮಿಲಿಹೆನ್ರಿ ಬರುತ್ತದೆ. ತಂತಿ 25 ಮೀಟರಿನಷ್ಟು ಹಿಡಿಯುತ್ತದೆ, ರೋಧ 0.4 ಓಮ್ ಒಳಗೇ ಉಳಿಯುತ್ತದೆ. ಒಳಗೆ ಕಬ್ಬಿಣದ ಬೋಲ್ಟ್ ಇರಕೂಡದು. ಎಲ್‌ಸಿಆರ್ ಮೀಟರಿನಲ್ಲಿ ನೋಡಿ ಒಂದೆರಡು ಸುತ್ತು ಬಿಚ್ಚಿ ಸರಿಪಡಿಸಬಹುದು. ಪೆಟ್ಟಿಗೆಯೊಳಗೆ ಎರಡು ಸುರುಳಿಗಳನ್ನು ಒಂದಕ್ಕೊಂದು ಲಂಬವಾಗಿ, ದೂರ ಇಡಬೇಕು. ವೂಫರಿನ ಅಯಸ್ಕಾಂತದ ಹತ್ತಿರವಂತೂ ಬೇಡ.

ಪುಸ್ತಕದ ಲೆಕ್ಕ ಇಲ್ಲಿ ಪೂರ್ತಿ ಹೊಂದುವುದಿಲ್ಲ. 8 ಓಮ್ ಎಂಬುದು ಹೆಸರಿಗಷ್ಟೆ, ಕಂಪನಾಂಕ ಏರಿದಂತೆ ವೂಫರಿನ ರೋಧವೂ ಏರುತ್ತದೆ. ಅದನ್ನು ತಡೆಯಲು ಒಂದು ರೆಸಿಸ್ಟರ್ ಮತ್ತು ಕೆಪಾಸಿಟರನ್ನು ಸರಣಿಯಲ್ಲಿ ಕೂಡಿಸಿ ವೂಫರಿಗೆ ಅಡ್ಡಲಾಗಿ ಹಾಕುತ್ತಾರೆ. ಇನ್ನೊಂದು ತೊಡಕು ಪೆಟ್ಟಿಗೆಯ ಅಗಲದ್ದು. 21.6 ಸೆಂ.ಮೀ. ಮುಖದ ಮುಂದೆ ಸುಮಾರು 530 ಹರ್ಟ್ಸ್ ಮೇಲಿನ ದನಿ ಮುಂದಕ್ಕೆ ಮಾತ್ರ ಸಾಗುತ್ತದೆ, ಕೆಳಗಿನದು ಪೆಟ್ಟಿಗೆಯನ್ನು ಬಳಸಿ ಸುತ್ತಲೂ ಹರಡುತ್ತದೆ. ಕೇಳುವವರಿಗೆ ಮಂದ್ರ ತೆಳುವಾಗಿ ಕಾಣುತ್ತದೆ. ಗೋಡೆಯ ಹತ್ತಿರ ಇಟ್ಟಾಗ ಈ ನಷ್ಟದಲ್ಲಿ ಒಂದಷ್ಟು ಮರಳಿ ಬರುತ್ತದೆ, ಉಳಿದದ್ದಕ್ಕೆ ಟ್ವೀಟರನ್ನೂ ಕಂಠದ ವಲಯವನ್ನೂ 3–4 ಡೆಸಿಬೆಲ್ ತಗ್ಗಿಸಬೇಕಾಗುತ್ತದೆ. ಟ್ವೀಟರ್ ಮೂಲತಃ ವೂಫರಿಗಿಂತ ಜೋರಾಗಿರುವುದರಿಂದ ಒಟ್ಟು 6 ಡೆಸಿಬೆಲ್ ತಗ್ಗಿಸುವ ಸಂದರ್ಭವೇ ಹೆಚ್ಚು: ಅದಕ್ಕೆ 4 ಓಮ್ ಸರಣಿಯಲ್ಲಿ, 8 ಓಮ್ ಟ್ವೀಟರಿಗೆ ಅಡ್ಡಲಾಗಿ, ಎರಡೂ 10 ವ್ಯಾಟಿನವು.

ಶ್ರುತಿ ಕೂರಿಸುವುದು

ಮೊಬೈಲಿನ ಟೋನ್ ಜನರೇಟರಿನಿಂದ 42 ಹರ್ಟ್ಸ್ ಸ್ವರವನ್ನು ಆಂಪ್ಲಿಫೈಯರ್ ಮೂಲಕ ಸಣ್ಣ ದನಿಯಲ್ಲಿ ಕೊಟ್ಟು, ಪೈಪಿನ ಮುಂದೆ ಊದಿನಕಡ್ಡಿ ಹಿಡಿದರೆ ಶ್ರುತಿ ಕಣ್ಣಿಗೇ ಕಾಣುತ್ತದೆ. ಕಂಪನಾಂಕವನ್ನು ಮೇಲಿನಿಂದ ಕೆಳಕ್ಕೆ ಇಳಿಸುತ್ತ ಬಂದಂತೆ ವೂಫರಿನ ಶಂಕು ಒಂದು ಜಾಗದಲ್ಲಿ ಬಹುತೇಕ ಅಲುಗದೆ ನಿಲ್ಲುತ್ತದೆ. ಅದೇ ಜಾಗದಲ್ಲಿ ಪೈಪಿನ ಬಾಯಲ್ಲಿ ಹೊಗೆ ನಡುಗಿ ಚೆಲ್ಲಾಡುತ್ತದೆ. ಪೆಟ್ಟಿಗೆ ನಿಜವಾಗಿ ನುಡಿಯುತ್ತಿರುವ ಶ್ರುತಿ ಅದು. 16 ಸೆಂ.ಮೀ. ಪೈಪಿನಲ್ಲಿ ಅದು 42ರ ಕೆಳಗೆ ಬಂದಿರುತ್ತದೆ, ಅರ್ಧರ್ಧ ಸೆಂ.ಮೀ. ಕತ್ತರಿಸುತ್ತ 42ಕ್ಕೆ ತರಬೇಕು. ಅದೇ ಊದಿನಕಡ್ಡಿಯನ್ನು ಎಲ್ಲ ಸಂದುಗಳ ಉದ್ದಕ್ಕೂ, ಟರ್ಮಿನಲ್ ತೂತಿನ ಸುತ್ತ, ಡ್ರೈವರಿನ ಚೌಕಟ್ಟಿನ ಸುತ್ತ ಒಯ್ದರೆ ಸೋರಿಕೆಯೂ ಸಿಕ್ಕಿಬೀಳುತ್ತದೆ. ರೋಧದ ವಕ್ರರೇಖೆ ಅಳೆಯಲು ಬಂದವರಿಗೆ ಎರಡು ಗುಡ್ಡಗಳ ನಡುವಿನ ಕಣಿವೆ ಇದೇ ಶ್ರುತಿಯನ್ನು ಹೇಳುತ್ತದೆ.

ಕಿವಿಯ ಪರೀಕ್ಷೆಗೆ ತಬಲಾದಷ್ಟು ಒಳ್ಳೆಯ ಸಾಧನ ಕಡಿಮೆ. ಕರಣೆ ಹಚ್ಚಿದ ಚರ್ಮದಿಂದ ತಂತಿವಾದ್ಯದಂತೆ ಹೊಂದಾಣಿಕೆಯ ಮೇಲ್‌ಸ್ವರಗಳು ಬರುತ್ತವೆಂದು ಸಿ.ವಿ. ರಾಮನ್ 1920ರಲ್ಲಿ ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದನ್ನು ವಿಸ್ತಾರವಾಗಿ ಪ್ರಕಟಿಸಿದರು. ಶ್ರುತಿಬದ್ಧವಾದ ಆ ನಾದಕ್ಕೆ ಪೆಟ್ಟಿಗೆ ತನ್ನದೊಂದು ಸ್ವರ ಬೆರೆಸಿದರೆ ಕೂಡಲೇ ಗೊತ್ತಾಗುತ್ತದೆ. ಎಡಗೈಯ ಡಗ್ಗಾದ ಮೀಂಡು ಕೆಳಗಿನಿಂದ ಮೇಲಕ್ಕೆ ಜಾರುವಾಗ ನಡುವೆ ಎಲ್ಲೂ ಉಬ್ಬದೆ ಬಂದರೆ ಮಂದ್ರ ಸರಿಯಿದೆ. ಹಂಚಿಕೆ ಕೂಡಿದೆಯೇ ಎಂದು ನೋಡಲು ಗಂಗೂಬಾಯಿ ಹಾನಗಲ್ಲರ ತುಂಬುಕಂಠದ ಧ್ವನಿಮುದ್ರಣ ಕೇಳಬೇಕು: ಕಂಠ ಒಂದೇ ಕಡೆಯಿಂದ ಬಂದಂತಿರಬೇಕು, ಅಕ್ಷರದ ಸದ್ದು ಟ್ವೀಟರಿನಿಂದ, ಸ್ವರ ವೂಫರಿನಿಂದ ಎಂದು ಒಡೆದು ತೋರಬಾರದು. ಒಡೆದರೆ ಮೊದಲು ನೋಡಬೇಕಾದದ್ದು ಟ್ವೀಟರಿನ ತಂತಿಗಳನ್ನು.

ಎರಡು ಪೆಟ್ಟಿಗೆಗಳೂ ಕೇಳುವವರೂ ಸಮಬಾಹು ತ್ರಿಕೋನದಲ್ಲಿರುವುದು ಆದರ್ಶ. ಪಡಸಾಲೆ ಉದ್ದವಾಗಿ ಕಿರಿದಾಗಿದ್ದರೆ ಗಿಡ್ಡ ಗೋಡೆಯ ಬದಿಗೆ, ಮೂಲೆಯಿಂದ ಒಂದೂವರೆ ಅಡಿಯಾದರೂ ಬಿಟ್ಟು ಇಡಬೇಕು. ಮೂಲೆ ಮಂದ್ರವನ್ನು ಅಳತೆ ಮೀರಿ ಉಬ್ಬಿಸುತ್ತದೆ. ಶಹಾಬಾದಿ ಫರಸಿಯೂ ಸಿಮೆಂಟಿನ ಗೋಡೆಯೂ ಸೇರಿದ ಹೊಸ ಮನೆಗಳಲ್ಲಿ ದನಿ ಚೀರುತ್ತದೆ. ಸ್ಪೀಕರ್ ಮತ್ತು ಕೇಳುವವರ ನಡುವೆ ಕಂಬಳಿಯೋ ಜಮಖಾನವೋ ಹಾಸಿದರೆ ಎಷ್ಟೋ ತಣಿಯುತ್ತದೆ. ಮಣ್ಣಿನ ಗೋಡೆಯ ಹಳೆಯ ಮನೆಗೆ ಈ ಉಪಚಾರ ಬೇಕಾಗುವುದು ಕಡಿಮೆ.

ಹೊರಮೈಗೆ ಸನ್‌ಮೈಕಾ, ಪಾಲಿಶ್, ಬಣ್ಣ ಯಾವುದಾದರೂ ಆದೀತು, ದನಿಗೆ ವ್ಯತ್ಯಾಸವಿಲ್ಲ. ಕೊಯ್ದ ಅಂಚುಗಳು ಮಾತ್ರ ಎಲ್ಲೂ ಬರಿದಾಗಿ ಉಳಿಯದಂತೆ ಮುಚ್ಚಬೇಕು. ಮುಂಭಾಗದ ಬಟ್ಟೆ ತೆಳ್ಳಗಿರಲಿ, ಊದಿದರೆ ಉಸಿರು ಆಚೆ ಬರುವಷ್ಟು. ಮೊದಲ ಮಳೆಗಾಲ ಕಳೆದ ಮೇಲೆ ಡ್ರೈವರುಗಳ ಸ್ಕ್ರೂಗಳನ್ನು ಒಮ್ಮೆ ಎದುರುಬದುರಾಗಿ ಬಿಗಿ ಮಾಡಬೇಕು. ವೂಫರಿನ ಅಂಚುಪಟ್ಟಿ ರಬ್ಬರಿನದಾದರೆ ವರ್ಷಗಟ್ಟಲೆ ಬಾಳುತ್ತದೆ. ಫೋಮಿನದಾದರೆ ಕೆಲವು ವರ್ಷಕ್ಕೆ ಪುಡಿಯಾಗುತ್ತದೆ, ಆಗ ಅದೇ ಬಗೆಯ ಅಂಚುಪಟ್ಟಿಯನ್ನಷ್ಟೇ ಬದಲಿಸಿದರಾಯಿತು, ಪೆಟ್ಟಿಗೆಯ ಲೆಕ್ಕ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ.